ಕೀಲಿ ಕೈಗೆ ಬಂದರೆ ಸಾಲದು, ಆರ್‌ಸಿಯಲ್ಲಿ ಹೆಸರು ಬರಬೇಕು

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ವಾಹನಗಳ ನೋಂದಣಿ ಮತ್ತು ಹೆಸರು ಬದಲಾವಣೆಗೆ ಸಂಬಂಧಿಸಿದವು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಅಪಘಾತ ಪರಿಹಾರದ ಮೊಕದ್ದಮೆಗಳನ್ನು ಹಲವು ವರ್ಷಗಳಿಂದ ನಡೆಸುತ್ತಿರುವ ವಕೀಲನಾಗಿ ನಾನು ಕಂಡಿರುವುದೇನೆಂದರೆ, ಸಕಾಲದಲ್ಲಿ ಭರ್ತಿಯಾಗದ ಎರಡು ಹಾಳೆಗಳ ಫಾರಂ ಒಂದು ಇಡೀ ಸಂಸಾರವನ್ನು ಸಾಲಕ್ಕೆ ನೂಕಬಲ್ಲದು. ಆದ್ದರಿಂದ ಕೆಲವು ಉತ್ತರಗಳು ದೀರ್ಘವಾಗಿವೆ.

ಪ್ರಶ್ನೆ: ಕೇರಳದ ಕಣ್ಣೂರಿನಿಂದ ವರ್ಗವಾಗಿ ಹಾಸನಕ್ಕೆ ಬಂದು ಐದು ತಿಂಗಳಾಯಿತು. ನನ್ನ ಕಾರಿನ ನೋಂದಣಿ ಕೆಎಲ್-13. ಇಲ್ಲಿಗೆ ಬಂದ ಒಂದು ತಿಂಗಳಲ್ಲೇ ಕರ್ನಾಟಕದ ತೆರಿಗೆ ಕಟ್ಟಬೇಕಿತ್ತೆಂದು ಒಬ್ಬರು ಹೆದರಿಸಿದರೆ, ಒಂದು ವರ್ಷ ಕಾಲಾವಕಾಶವಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? ನಾನು ಈಗ ಏನು ಮಾಡಬೇಕು? (ಹಾಸನದ ಓದುಗರು)

ಉತ್ತರ: ಒಂದು ವರ್ಷವೆಂಬ ಮಾತೇ ಸರಿ. 1988ರ ಮೋಟಾರು ವಾಹನಗಳ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಮಾತ್ರ ಅಲ್ಲಿನ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಬೇಕು. ತಿಂಗಳ ಮಾತು ಹುಟ್ಟಿಕೊಂಡಿದ್ದಕ್ಕೂ ಕಾರಣವಿದೆ. ಹೊರರಾಜ್ಯದ ವಾಹನ 30 ದಿನ ಮೀರಿ ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕೆಂದು ಕರ್ನಾಟಕವು 2014ರಲ್ಲಿ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಹೈಕೋರ್ಟ್ ಅದನ್ನು ಅನೂರ್ಜಿತಗೊಳಿಸಿತು; ಆದರೆ ಜನರ ಬಾಯಲ್ಲಿ ಆ ಮಾತು ಇನ್ನೂ ಉಳಿದುಕೊಂಡಿದೆ.

ಕಾರು ಇಲ್ಲಿಗೆ ಯಾವಾಗ ಬಂತೆಂದು ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಬಳಿ ದಾಖಲೆ ಇರಬೇಕು. ವರ್ಗಾವಣೆಯ ಆದೇಶ, ಕೆಲಸಕ್ಕೆ ಹಾಜರಾದ ಪತ್ರ, ಮನೆ ಬಾಡಿಗೆಯ ಕರಾರು, ಶಾಂತಿಗ್ರಾಮದ ಟೋಲ್ ದಾಟಿದ ದಿನವನ್ನು ತೋರಿಸುವ ಫಾಸ್ಟ್ಯಾಗ್ ವಿವರ ಇವುಗಳಲ್ಲಿ ಯಾವುದಾದರೂ ಎರಡರ ಪ್ರತಿಯನ್ನು ಕಾರಿನಲ್ಲೇ ಇಟ್ಟುಕೊಳ್ಳಿ. ಆದರೆ ಹನ್ನೆರಡನೆಯ ತಿಂಗಳವರೆಗೆ ಕಾಯಬೇಡಿ. ಇನ್ನೂ ಏಳೆಂಟು ತಿಂಗಳು ಇಲ್ಲೇ ಇರುವುದು ಖಚಿತವೆನಿಸಿದ ಕೂಡಲೇ ಕಣ್ಣೂರಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎಲ್ಲರೂ ಎನ್‌ಒಸಿ ಎಂದು ಕರೆಯುವ ಪತ್ರವನ್ನು ತರಿಸಲು ಹೊರಡಿ. ಇಡೀ ಪ್ರಕ್ರಿಯೆಯಲ್ಲಿ ನಿಧಾನವಾಗುವುದು ಸಾಮಾನ್ಯವಾಗಿ ಅದೊಂದೇ.

ಇದಕ್ಕೆ ಫಾರಂ 28ರಲ್ಲಿ ಅರ್ಜಿ ಸಲ್ಲಿಸಬೇಕು. ಪರಿವಾಹನ್ ಜಾಲತಾಣದ ವಾಹನ್ ಸೇವೆಯಲ್ಲಿ ಇದನ್ನು ಮನೆಯಿಂದಲೇ ಆರಂಭಿಸಬಹುದು. ಕಾರಿನ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕು. ಬಾಕಿ ತೆರಿಗೆ, ಬಾಕಿ ಚಲನ್ ಇದ್ದರೆ ಅವು ಇತ್ಯರ್ಥವಾಗದೆ ಎನ್‌ಒಸಿ ಕೈಗೆ ಸಿಗುವುದಿಲ್ಲ. ಅರ್ಜಿ ಕೊಟ್ಟಾಗ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಅರ್ಜಿ ಸೇರಿದ 30 ದಿನಗಳಲ್ಲಿ ಕೊಡುವುದಿಲ್ಲವೆಂದೂ ತಿಳಿಸದೆ, ಪತ್ರವನ್ನೂ ಕೊಡದೆ ಇದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು 48ನೇ ಕಲಮು ಹೇಳುತ್ತದೆ; ಸ್ವೀಕೃತಿಯ ತಾರೀಖಿಲ್ಲದೆ ಆ ಕಲಮಿನಿಂದ ನಿಮಗೆ ಪ್ರಯೋಜನವಾಗದು.

ಎನ್‌ಒಸಿ ಬಂದ ಮೇಲೆ ಹಾಸನದಲ್ಲಿ ಫಾರಂ 27ರೊಡನೆ ಆರ್‌ಸಿ (ನೋಂದಣಿ ಪತ್ರ), ವಿಮೆ, ಹೊಗೆ ತಪಾಸಣೆಯ ಪತ್ರ, ಇಲ್ಲಿನ ವಿಳಾಸದ ಪುರಾವೆ ಮತ್ತು ವಾಹನದ ಚೌಕಟ್ಟಿನಲ್ಲಿ ಕೊರೆದಿರುವ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಸಲ್ಲಿಸಿ, ಕಾರನ್ನು ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಬೇಕು. ಕರ್ನಾಟಕದ ತೆರಿಗೆಯನ್ನು ಕಾರಿನ ಮೂಲ ಬೆಲೆ ಮತ್ತು ಅದರ ವಯಸ್ಸನ್ನು ನೋಡಿ ನಿಗದಿಪಡಿಸುತ್ತಾರೆ. ಆದ್ದರಿಂದ ಕಾರು ಕೊಂಡಾಗ ಷೋರೂಮಿನವರು ಕೊಟ್ಟ ಇನ್‌ವಾಯ್ಸನ್ನು ಹುಡುಕಿಟ್ಟುಕೊಳ್ಳಿ. ಅದು ಕಳೆದುಹೋಗಿದ್ದರೆ ಬೆಲೆಯ ಲೆಕ್ಕದಲ್ಲಿ ವಾದಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೇರಳದಲ್ಲಿ ಒಮ್ಮೆಗೇ ಕಟ್ಟಿರುವ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ಹಿಂದಕ್ಕೆ ಪಡೆಯಲು ಆ ರಾಜ್ಯದಲ್ಲೇ ಅರ್ಜಿ ಹಾಕಬೇಕು, ಅದಕ್ಕೆ ಇಲ್ಲಿನ ಹೊಸ ಆರ್‌ಸಿ ಮತ್ತು ತೆರಿಗೆ ರಸೀದಿ ಬೇಕಾಗುತ್ತದೆ. ಬಹಳ ಮಂದಿ ಇಷ್ಟು ಓಡಾಡಿ ದಣಿದು ಈ ಕೊನೆಯ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ಅದು ನಿಮ್ಮದೇ ಹಣ, ಬಿಡಬೇಡಿ.

ಕೆಎ-13ರ ಸಂಖ್ಯೆ ಬಂದ ಮೇಲೆ ಅತಿ ಸುರಕ್ಷಿತ ನಂಬರ್ ಪ್ಲೇಟುಗಳನ್ನೂ, ಮುಂದಿನ ಗಾಜಿನ ಒಳಬದಿಗೆ ಅಂಟಿಸುವ ಸ್ಟಿಕರನ್ನೂ ಹೊಸದಾಗಿ ಮಾಡಿಸಬೇಕು. ವಿಮಾ ಕಂಪನಿಗೂ ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೂ ಹೊಸ ಸಂಖ್ಯೆಯನ್ನು ತಿಳಿಸಿ.

ಪ್ರಶ್ನೆ: ಆಲ್ದೂರಿನಿಂದ ಹಾಸನಕ್ಕೆ ಮನೆ ಬದಲಾಯಿಸಿದ್ದೇವೆ. ನನ್ನ ಸ್ಕೂಟರಿನ ಸಂಖ್ಯೆ ಕೆಎ-18ರದು. ಅದನ್ನು ಕೆಎ-13ಕ್ಕೆ ಬದಲಾಯಿಸಬೇಕೇ? (ಹಾಸನದ ಓದುಗರು)

ಉತ್ತರ: ಬೇಡ. ರಾಜ್ಯದೊಳಗೆ ಎಲ್ಲಿಗೆ ಹೋದರೂ ಸಂಖ್ಯೆ ಅದೇ ಇರುತ್ತದೆ. ವಿಳಾಸ ಬದಲಾದ 30 ದಿನಗಳೊಳಗೆ ಫಾರಂ 33ರಲ್ಲಿ ತಿಳಿಸಿ ಆರ್‌ಸಿಯಲ್ಲಿ ವಿಳಾಸವನ್ನು ತಿದ್ದಿಸಿದರೆ ಸಾಕು. 2019ರ ತಿದ್ದುಪಡಿಯ ನಂತರ ಹೊಸ ವಾಹನವನ್ನೂ ನಿಮ್ಮ ರಾಜ್ಯದ ಯಾವುದೇ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬಹುದು.

ಪ್ರಶ್ನೆ: ಹನ್ನೊಂದು ವರ್ಷ ಅಮೆರಿಕದಲ್ಲಿದ್ದು ಈಗ ಚಿಕ್ಕಮಗಳೂರಿನಲ್ಲಿ ನೆಲೆಸಿದ್ದೇವೆ. ಅಲ್ಲಿ ಹಳೆಯ ಕಾರು ಕೊಂಡಾಗ ಮಾರಿದವರು ಟೈಟಲ್ ಎಂಬ ಪತ್ರಕ್ಕೆ ಸಹಿ ಮಾಡಿ ಕೊಡುತ್ತಿದ್ದರು, ನೋಂದಣಿ ಬೇರೆಯೇ ಇತ್ತು. ಇಲ್ಲಿ ಒಂದು ಹಳೆಯ ಕಾರು ನೋಡಿದ್ದೇವೆ. ಅದರ ಟೈಟಲ್ ಎಲ್ಲಿದೆ ಎಂದರೆ ಮಾರುವವರು ಆರ್‌ಸಿ ಕಾರ್ಡು ತೋರಿಸುತ್ತಾರೆ. ಇಷ್ಟು ಸಾಕೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ನಿಮ್ಮ ಪ್ರಶ್ನೆ ಇಲ್ಲಿಯೇ ಹುಟ್ಟಿ ಬೆಳೆದವರೂ ಕೇಳಿಕೊಳ್ಳಬೇಕಾದದ್ದು. ನಮ್ಮಲ್ಲಿ ಟೈಟಲ್ ಎಂಬ ಪ್ರತ್ಯೇಕ ಪತ್ರವಿಲ್ಲ. ವಾಹನವು ಚರ ಸ್ವತ್ತಾದ್ದರಿಂದ ಮಾರುವವರು ಮತ್ತು ಕೊಳ್ಳುವವರ ನಡುವಿನ ವ್ಯವಹಾರಕ್ಕೆ 1930ರ ಸರಕು ಮಾರಾಟ ಕಾಯ್ದೆ ಅನ್ವಯಿಸುತ್ತದೆ; ಹಣ ಕೊಟ್ಟು, ಕಾರು ಪಡೆದು, ಇಬ್ಬರೂ ಒಪ್ಪಿದಾಗ ಅವರಿಬ್ಬರ ಮಟ್ಟಿಗೆ ಮಾರಾಟ ಮುಗಿಯಿತು. ಆದರೆ ರಸ್ತೆಗೆ ಇಳಿದ ಮೇಲೆ ಮೂರನೆಯವರಿಗೆ, ಅಂದರೆ ಪೊಲೀಸರಿಗೆ, ವಿಮಾ ಕಂಪನಿಗೆ, ಅಪಘಾತದಲ್ಲಿ ಗಾಯಗೊಂಡವರಿಗೆ ಮಾಲೀಕರೆಂದು ಕಾಣುವುದು ಆರ್‌ಸಿಯಲ್ಲಿ ಹೆಸರಿರುವವರು ಮಾತ್ರ. ಈ ಎರಡು ಮಾಲೀಕತ್ವಗಳ ನಡುವೆ ದಿನಗಳು ಕಳೆದಷ್ಟೂ ಅಪಾಯ ಬೆಳೆಯುತ್ತದೆ. ಆದ್ದರಿಂದ ಮಾರಾಟ ಪತ್ರ ಮತ್ತು ಆರ್‌ಸಿ ಎರಡೂ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಮುಂಗಡ ಕೊಡುವ ಮೊದಲು ಕಾರಿನ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಮಾಲೀಕರ ಹೆಸರು ಅಲ್ಲಿ ಪೂರ್ತಿ ಕಾಣದಿದ್ದರೂ ಎಷ್ಟನೆಯ ಮಾಲೀಕರು, ನೋಂದಣಿ ಯಾವಾಗ ಮುಗಿಯುತ್ತದೆ, ವಿಮೆ ಚಾಲ್ತಿಯಲ್ಲಿದೆಯೇ, ಸಾಲದ ನಮೂದು ಇದೆಯೇ ಎಂಬುದು ತಿಳಿಯುತ್ತದೆ. ಬಾಕಿ ಚಲನ್‌ಗಳನ್ನೂ ಸಂಖ್ಯೆಯಿಂದಲೇ ನೋಡಬಹುದು. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಕಾರಾದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂದು ನೋಡಿ, ಅದಿಲ್ಲದೆ ಹೆಸರು ಬದಲಾವಣೆಯ ಅರ್ಜಿಗೆ ತೊಡಕಾಗುತ್ತದೆ.

ಆಮೇಲೆ ಚಾಸಿ ನಂಬರನ್ನು ನೀವೇ ಕಣ್ಣಾರೆ ನೋಡಿ. ಕೆಲವು ಕಾರುಗಳಲ್ಲಿ ಅದು ಬಾನೆಟ್ಟಿನ ಒಳಗಿರುತ್ತದೆ, ಕೆಲವುಗಳಲ್ಲಿ ಮುಂದಿನ ಸೀಟಿನ ಕೆಳಗಿನ ಮ್ಯಾಟ್ ಎತ್ತಿದರೆ ಸಿಗುತ್ತದೆ. ನಮ್ಮ ಮಲೆನಾಡಿನ ಮಳೆಗೆ ಒಡ್ಡಿಕೊಂಡ ಕಾರಾದರೆ ಅಲ್ಲಿ ಕೆಸರು ಒಣಗಿ ಪದರವಾಗಿರುವುದುಂಟು. ಒದ್ದೆ ಬಟ್ಟೆಯಿಂದ ಒರೆಸಿ, ತೆಳುವಾದ ಬಿಳಿ ಕಾಗದವನ್ನು ಅಂಕಿಗಳ ಮೇಲೆ ಅಲುಗದಂತೆ ಒತ್ತಿ ಹಿಡಿದು, ಪೆನ್ಸಿಲನ್ನು ಓರೆಯಾಗಿಸಿ ಮೆಲ್ಲಗೆ ಉಜ್ಜಿದರೆ ಬೂದುಬಣ್ಣದ ಪಟ್ಟಿಯ ನಡುವೆ ಹದಿನೇಳು ಅಕ್ಷರ, ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆರ್‌ಸಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಹೋಲಿಸಿ. ಈ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಎಂಬ ಮೂರು ಅಕ್ಷರಗಳನ್ನು ಬಳಸುವ ಪದ್ಧತಿಯಿಲ್ಲ, ಒಂದು ಮತ್ತು ಸೊನ್ನೆಗಳೊಡನೆ ಗೊಂದಲವಾಗುತ್ತದೆಂಬ ಕಾರಣಕ್ಕೆ. ಅಂಕಿಗಳ ಸಾಲು ಸೊಟ್ಟಗಿದ್ದರೆ, ಸುತ್ತಲಿನ ತಗಡಿನಲ್ಲಿ ವೆಲ್ಡಿಂಗ್ ಗುರುತಿದ್ದರೆ, ಅಲ್ಲಿ ಮಾತ್ರ ಹೊಸ ಬಣ್ಣ ಕಂಡರೆ, ಬೆಲೆ ಎಷ್ಟೇ ಅಗ್ಗವಾಗಿದ್ದರೂ ಆ ಕಾರನ್ನು ಬಿಟ್ಟುಬಿಡಿ.

ಹೆಸರು ಬದಲಾವಣೆಗೆ ಮಾರುವವರು ಫಾರಂ 29ರಲ್ಲಿ ತಿಳಿವಳಿಕೆ ಕೊಡಬೇಕು, ಫಾರಂ 30ರಲ್ಲಿ ಇಬ್ಬರೂ ಸಹಿ ಮಾಡಬೇಕು. 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರುವವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ವರದಿ ಮಾಡಬೇಕು. ಹಳೆಯ ಕಾರುಗಳ ಡೀಲರ್ ಮೂಲಕ ಕೊಳ್ಳುವುದಾದರೆ ಅವರ ಅಧಿಕಾರ ಪತ್ರವನ್ನು ಕೇಳಿ ನೋಡಿ: 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಂತೆ ಇಂಥ ಡೀಲರುಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರಬೇಕು, ಮಾಲೀಕರಿಂದ ವಾಹನ ತಮ್ಮ ವಶಕ್ಕೆ ಬಂದುದನ್ನು ಫಾರಂ 29ಸಿ ಮೂಲಕ ತಿಳಿಸಬೇಕು.

ವಿಮೆಯನ್ನು ಮರೆಯುವವರೇ ಹೆಚ್ಚು. ಮೂರನೆಯವರಿಗೆ ಆಗುವ ಹಾನಿಯ ವಿಮೆ ವಾಹನದ ಜೊತೆಯಲ್ಲೇ ಹೊಸ ಮಾಲೀಕರಿಗೆ ಬರುತ್ತದೆಂದು 157ನೇ ಕಲಮು ಹೇಳುತ್ತದೆ, ಆದರೆ ನಿಮ್ಮ ಕಾರಿಗೇ ಆಗುವ ಹಾನಿಗೆ ಪರಿಹಾರ ಬೇಕಾದರೆ ಪಾಲಿಸಿ ನಿಮ್ಮ ಹೆಸರಿಗೆ ಬದಲಾಗಿರಬೇಕು. ಅದಕ್ಕೆ 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಹಿಂದಿನವರು ಗಳಿಸಿದ್ದ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಅವರ ಜೊತೆಗೇ ಹೋಗುತ್ತದೆ, ಆ ವ್ಯತ್ಯಾಸದ ಹಣವನ್ನು ನೀವು ತುಂಬಬೇಕಾಗುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಕಾರು ಗೋಡೆಗೆ ತಾಗಿದ ಮೇಲೆ ಈ ವಿಷಯ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು.

ಪ್ರಶ್ನೆ: ಎರಡು ವರ್ಷಗಳ ಹಿಂದೆ ನನ್ನ ಬೈಕನ್ನು ಪರಿಚಯದ ಮೆಕ್ಯಾನಿಕ್ ಒಬ್ಬರ ಮೂಲಕ ಮಾರಿದೆ. ಖಾಲಿ ಫಾರಂಗಳಿಗೆ ಸಹಿ ಮಾಡಿಸಿಕೊಂಡು ಟ್ರಾನ್ಸ್‌ಫರ್ ತಾವೇ ಮಾಡಿಸುವುದಾಗಿ ಹೇಳಿದ್ದರು. ಈಗ ಹೆಲ್ಮೆಟ್ ಇಲ್ಲದ ಸವಾರನ ಫೋಟೋ ಇರುವ ಚಲನ್‌ಗಳು ನನ್ನ ಮೊಬೈಲಿಗೆ ಬರುತ್ತಿವೆ. ಕೊಂಡವರ ಹೆಸರೂ ನನಗೆ ಗೊತ್ತಿಲ್ಲ. ಏನು ಮಾಡಲಿ? (ಅರಸೀಕೆರೆಯ ಓದುಗರು)

ಉತ್ತರ: ಚಲನ್ ಬಂದದ್ದನ್ನು ಮುನ್ನೆಚ್ಚರಿಕೆ ಎಂದು ತಿಳಿಯಿರಿ, ಏಕೆಂದರೆ ನಿಜವಾದ ಭಯ ಬೇರೆಯದು. ಆ ಸವಾರ ನಾಳೆ ಯಾರಿಗಾದರೂ ಡಿಕ್ಕಿ ಹೊಡೆದು, ಬೈಕಿನ ವಿಮೆ ಮುಗಿದಿದ್ದರೆ, ಗಾಯಗೊಂಡವರಿಗೆ ಪರಿಹಾರ ಕೊಡಬೇಕಾದವರ ಸಾಲಿನಲ್ಲಿ ನಿಮ್ಮ ಹೆಸರಿರುತ್ತದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣವನ್ನು ತೀರ್ಮಾನಿಸಿತು. ವಾಹನವೊಂದು ಒಬ್ಬರಿಂದ ಇನ್ನೊಬ್ಬರಿಗೆ ಹಲವು ಬಾರಿ ಮಾರಾಟವಾಗಿತ್ತು, ಆದರೆ ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದೇ ಎಂದು ನ್ಯಾಯಾಲಯ ಹೇಳಿತು. ಗಾಯಗೊಂಡವರನ್ನು, ಸತ್ತವರ ಮನೆಯವರನ್ನು ಕೊನೆಯ ಖರೀದಿದಾರರನ್ನು ಹುಡುಕಿಕೊಂಡು ಊರೂರು ಅಲೆಯಿರಿ ಎನ್ನಲಾಗದು ಎಂಬುದು ಅದರ ಹಿಂದಿನ ವಿವೇಚನೆ. ಮಾರಿದವರಿಗೆ ಇದು ಕಠಿಣವಾಗಿ ಕಂಡರೂ ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ.

ಹಳೆಯ ಸ್ಕೂಟರೊಂದನ್ನು ಮಾರಿದಾಗ ನಾನೂ ಹೀಗೆಯೇ ಸಹಿ ಮಾಡಿ ಕೊಟ್ಟಿದ್ದೆ. ಏಳು ತಿಂಗಳಾದ ಮೇಲೆ, ಬೇರೆ ಊರಿನ ಠಾಣೆಯಿಂದ ಆ ಸ್ಕೂಟರ್ ನಿಮ್ಮದೇ ಎಂದು ಕೇಳಿ ಫೋನ್ ಬಂದಾಗ ಕೈ ನಡುಗಿದ್ದು ನೆನಪಿದೆ. ಕೊಂಡವರ ಆಧಾರ್ ಪ್ರತಿ, ವಾಹನ ಒಪ್ಪಿಸಿದ್ದಕ್ಕೆ ಬರೆಸಿಕೊಂಡ ಡೆಲಿವರಿ ನೋಟ್ ಎರಡೂ ನನ್ನ ಬಳಿ ಇದ್ದುದರಿಂದ ಪಾರಾದೆ.

ನಿಮ್ಮ ಬಳಿ ಅವು ಇಲ್ಲವಾದ್ದರಿಂದ ಈ ವಾರವೇ ಕೆಲಸ ಶುರುಮಾಡಿ. ಮೊದಲು ಬೈಕಿನ ವಿಮೆ ಚಾಲ್ತಿಯಲ್ಲಿದೆಯೇ ಎಂದು ಆ್ಯಪಿನಲ್ಲಿ ನೋಡಿ. ಮುಗಿದಿದ್ದರೆ, ಕೊಂಡವರು ಸಿಗುವವರೆಗೆ ಮೂರನೆಯವರ ಹಾನಿಯ ವಿಮೆಯನ್ನು ನಿಮ್ಮ ಹೆಸರಿನಲ್ಲೇ ಮಾಡಿಸಲು ಆಗುವುದೇ ಎಂದು ವಿಮಾ ಕಂಪನಿಯನ್ನು ಕೇಳಿ, ಮಾರಾಟದ ವಿಷಯವನ್ನು ಅವರಿಂದ ಮುಚ್ಚಿಡಬೇಡಿ. ಮೆಕ್ಯಾನಿಕ್ ಅವರಿಗೆ ಲಿಖಿತವಾಗಿ, ಸ್ವೀಕೃತಿ ಸಹಿತದ ಅಂಚೆಯಲ್ಲಿ, ಬೈಕನ್ನು ಯಾರಿಗೆ ಯಾವ ದಿನ ಕೊಟ್ಟಿರೆಂದು ಕೇಳಿ. ನೋಂದಣಿ ಕಚೇರಿಗೆ ಮಾರಾಟದ ತಾರೀಖು, ಹಣ ಬಂದ ಬ್ಯಾಂಕ್ ವಿವರ, ಚಲನ್‌ಗಳ ಪ್ರತಿ ಸೇರಿಸಿ ಒಂದು ಅರ್ಜಿ ಕೊಟ್ಟು ಮೊಹರು ಹಾಕಿಸಿದ ಪ್ರತಿಯನ್ನು ಪಡೆಯಿರಿ. ತಡವಾದುದಕ್ಕೆ ದಂಡ ಬಿದ್ದರೆ ಕಟ್ಟಿಬಿಡಿ. ಮೆಕ್ಯಾನಿಕ್ ಉತ್ತರಿಸದಿದ್ದರೆ ಅದೇ ಕಾಗದಗಳೊಡನೆ ಠಾಣೆಯಲ್ಲಿ ದೂರು ದಾಖಲಿಸಿ. ಚಲನ್‌ಗೆ ಆಕ್ಷೇಪಣೆ ಸಲ್ಲಿಸಬಹುದು, ಆದರೆ ಅದರಿಂದ ಆರ್‌ಸಿಯಲ್ಲಿನ ಹೆಸರು ಬದಲಾಗುವುದಿಲ್ಲ.

ಇನ್ನು ವಾಹನ ಮಾರುವ ಉಳಿದ ಓದುಗರಿಗೆ ನನ್ನ ಕಳಕಳಿಯ ವಿನಂತಿ: ಕೊಂಡವರ ಹೆಸರು, ವಿಳಾಸ, ತಾರೀಖು ತುಂಬದ ಫಾರಂಗೆ ಯಾವ ಸ್ನೇಹಕ್ಕೂ ಕಟ್ಟುಬಿದ್ದು ಸಹಿ ಮಾಡಬೇಡಿ. ಡೆಲಿವರಿ ನೋಟಿನಲ್ಲಿ ಗಂಟೆಯನ್ನೂ ಬರೆಸಿ. ಬೆಳಿಗ್ಗೆ ಹತ್ತಕ್ಕೆ ಮಾರಿದ ಬೈಕು ಸಂಜೆ ಅಪಘಾತಕ್ಕೀಡಾದ ಪ್ರಕರಣದಲ್ಲಿ ಆ ಒಂದು ಗಂಟೆಯ ನಮೂದಿಗಾಗಿ ಎರಡು ವರ್ಷ ಸಾಕ್ಷಿ ವಿಚಾರಣೆ ನಡೆದದ್ದನ್ನು ಕಂಡಿದ್ದೇನೆ.

ಪ್ರಶ್ನೆ: ತಂದೆಯವರು ತೀರಿಕೊಂಡು ಎಂಟು ತಿಂಗಳಾಯಿತು. ತೋಟದಲ್ಲಿ ಅವರ ಹೆಸರಿನ ಹಳೆಯ ಜೀಪಿದೆ, ಅದರ ಆರ್‌ಸಿಯ ಅವಧಿಯೂ ಮುಗಿದಿದೆ. ನಾವು ಮೂವರು ಮಕ್ಕಳು, ತಾಯಿ ಇದ್ದಾರೆ. ಜೀಪನ್ನು ಮಾರುವ ಮನಸ್ಸು ತಾಯಿಗಿಲ್ಲ. ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದೇ? (ಮೂಡಿಗೆರೆಯ ಓದುಗರು)

ಉತ್ತರ: ಖಂಡಿತ ಆಗುತ್ತದೆ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ವಾಹನ ಯಾರ ವಶದಲ್ಲಿದೆಯೋ ಅವರು ಕಚೇರಿಗೆ ತಿಳಿಸಿದರೆ ಮೂರು ತಿಂಗಳವರೆಗೆ ಅದನ್ನು ಓಡಿಸಬಹುದು, ಅಷ್ಟರಲ್ಲಿ ಫಾರಂ 31ರಲ್ಲಿ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಆ ಅವಧಿ ಮೀರಿರುವುದರಿಂದ ಕಾಗದಗಳು ಸರಿಹೋಗುವವರೆಗೆ ಜೀಪನ್ನು ತೋಟದ ಗೇಟಿನಿಂದ ಹೊರಗೆ ತರಬೇಡಿ. ಕಾಫಿ ಕೊಯ್ಲಿನ ಆಳುಗಳನ್ನು ಕರೆತರುವುದಕ್ಕಂತೂ ಬೇಡವೇ ಬೇಡ. ಫಾರಂ 31ರೊಡನೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ತಾಯಿ ಮತ್ತು ಉಳಿದಿಬ್ಬರ ಒಪ್ಪಿಗೆಯ ಪ್ರಮಾಣಪತ್ರ, ಆರ್‌ಸಿ, ವಿಮೆ ಇವನ್ನು ಕೊಡಬೇಕು. ಒಪ್ಪಿಗೆಯನ್ನು ಈಗಲೇ ಬರೆಸಿಟ್ಟುಕೊಳ್ಳಿ. ದುಃಖದ ದಿನಗಳಲ್ಲಿ ಒಂದಾಗಿದ್ದವರು ಆಸ್ತಿಯ ಪಾಲು ಬಂದಾಗ ಜೀಪಿನ ಹೆಸರಿನಲ್ಲಿ ಬೇರೆಯಾದದ್ದುಂಟು.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಅದಕ್ಕೆ ಫಾರಂ 25 ಮತ್ತು ವಾಹನದ ತಪಾಸಣೆ ಬೇಕು. 2022ರ ಏಪ್ರಿಲ್‌ನಿಂದ ಹಳೆಯ ವಾಹನಗಳ ಶುಲ್ಕ ಬಹಳ ಏರಿರುವುದರಿಂದ ಮೊದಲು ಕಚೇರಿಯಲ್ಲಿ ಒಟ್ಟು ಎಷ್ಟಾಗುತ್ತದೆಂದು ಕೇಳಿಕೊಂಡು ಮುಂದುವರಿಯಿರಿ. ತಪಾಸಣೆಗೆ ಹೋಗುವ ಮುನ್ನ ಚಾಸಿ ನಂಬರ್ ಓದಲು ಬರುತ್ತದೆಯೇ ನೋಡಿ. ಮಳೆಗಾಲದ ತೇವಕ್ಕೆ ಹಳೆಯ ಜೀಪುಗಳ ಚೌಕಟ್ಟು ಹಿಟ್ಟಿನಂತೆ ಉದುರುವ ತುಕ್ಕಿಗೆ ತುತ್ತಾಗಿರುತ್ತದೆ. ಸೀಮೆಎಣ್ಣೆ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ; ಎಮರಿ ಕಾಗದ ತಾಗಿಸಬೇಡಿ, ಉಳಿದ ಅಂಕಿಯೂ ಸವೆದುಹೋದೀತು. ಒಂದೆರಡು ಅಂಕಿ ಕಾಣದಿದ್ದರೆ ಗ್ಯಾರೇಜಿನಲ್ಲಿ ಹೊಸದಾಗಿ ಪಂಚ್ ಮಾಡಿಸಿಬಿಡೋಣ ಎಂದು ಯಾರಾದರೂ ಹೇಳಬಹುದು. ಅನುಮತಿಯಿಲ್ಲದೆ ಹಾಗೆ ಮಾಡಿದರೆ ತಂದೆಯವರ ಪ್ರಾಮಾಣಿಕ ಜೀಪು ಕದ್ದ ಮಾಲಿನ ಅನುಮಾನಕ್ಕೆ ಸಿಕ್ಕಿಕೊಳ್ಳುತ್ತದೆ. ನೋಂದಣಿ ಕಚೇರಿಗೆ ಬರೆದು, ಅವರ ಅನುಮತಿಯೊಂದಿಗೇ ಆ ಕೆಲಸ ಆಗಬೇಕು.

ನಿಮ್ಮ ಹೆಸರಿಗೆ ಬಂದ ಮೇಲೆ ನಾಮಿನಿಯ ಹೆಸರನ್ನೂ ದಾಖಲಿಸಿ. 2021ರಿಂದ ಆರ್‌ಸಿಯಲ್ಲಿ ಅದಕ್ಕೆ ಅವಕಾಶವಿದೆ.

ಪ್ರಶ್ನೆ: ಟ್ರ್ಯಾಕ್ಟರ್ ಸಾಲ ತೀರಿ ಒಂದು ವರ್ಷವಾಯಿತು, ಬ್ಯಾಂಕು ತೀರುವಳಿ ಪತ್ರವನ್ನೂ ಕೊಟ್ಟಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ಮಾರುವಾಗ ನೋಡಿಕೊಂಡರಾಗದೇ? (ಹೊಳೆನರಸೀಪುರದ ಓದುಗರು)

ಉತ್ತರ: ಮಾರುವಾಗ ನೋಡಿಕೊಳ್ಳೋಣವೆಂದು ಬಿಡಬೇಡಿ. ಸಾಲ ತೀರಿದ ಮಾತ್ರಕ್ಕೆ ನಮೂದು ತಾನಾಗಿ ಅಳಿಯುವುದಿಲ್ಲ. ಫಾರಂ 35ರಲ್ಲಿ ನೀವೂ ಬ್ಯಾಂಕಿನವರೂ ಸಹಿ ಮಾಡಿ ತೀರುವಳಿ ಪತ್ರದೊಡನೆ ಸಲ್ಲಿಸಿದರೆ ಮಾತ್ರ ಎಚ್‌ಪಿ, ಅಂದರೆ ಆರ್‌ಸಿಯಲ್ಲಿನ ಸಾಲದ ನಮೂದು, ಕ್ಯಾನ್ಸಲ್ ಆಗುತ್ತದೆ. ಆ ಪತ್ರ ಹಳೆಯದಾಯಿತೆಂದು ಕಚೇರಿಯಲ್ಲಿ ಹೇಳಿದರೆ ಬ್ಯಾಂಕಿನಿಂದ ಹೊಸ ತಾರೀಖಿನದನ್ನು ಪಡೆಯಿರಿ. ಟ್ರೈಲರಿಗೆ ಬೇರೆ ಸಂಖ್ಯೆ, ಬೇರೆ ಆರ್‌ಸಿ ಇರುವುದರಿಂದ ಅದರ ಮೇಲೂ ಸಾಲದ ನಮೂದಿದ್ದರೆ ಎರಡು ಅರ್ಜಿ ಬೇಕು. ವಿಮಾ ಪಾಲಿಸಿಯಲ್ಲಿಯೂ ಬ್ಯಾಂಕಿನ ಹೆಸರನ್ನು ತೆಗೆಸಿ; ಇಲ್ಲವಾದರೆ ಟ್ರ್ಯಾಕ್ಟರ್ ಕಳುವಾದಾಗ ಅಥವಾ ಪೂರ್ತಿ ಹಾಳಾದಾಗ ಪರಿಹಾರದ ಹಣ ನಿಮ್ಮ ಕೈಸೇರುವ ಮೊದಲು ಬ್ಯಾಂಕಿನ ಒಪ್ಪಿಗೆಗಾಗಿ ಕಾಯಬೇಕಾಗುತ್ತದೆ.